ಹೆಸರಿನ ಪಕ್ಕದ ಅಲ್ಪವಿರಾಮ

ಆಸ್ಪತ್ರೆಯ ವೆಬ್‌ಸೈಟಿಗೆ ಆ ಪುಟವನ್ನು ಬರೆದುಕೊಟ್ಟವಳು, ಅಲ್ಲೇ ಕೆಲಸಕ್ಕಿದ್ದ, ಮೂವರು ಒಡಹುಟ್ಟಿದವರಲ್ಲಿ ನಡುವಿನವಳೇ. ರೋಗಿ ಯಾರನ್ನು ನೋಡಬೇಕೋ ಅವರ ಹೆಸರು, ಇಮೇಲ್ ವಿಳಾಸ ತುಂಬಿ ಗುಂಡಿ ಒತ್ತಿದರೆ, ‘ನಿಮ್ಮವರು ನಿಮ್ಮನ್ನು ನೋಡಬಯಸಿದ್ದಾರೆ’ ಎಂಬ ಇಮೇಲ್ ಹೋಗುತ್ತಿತ್ತು.

ಕೊನೆಯವನಾದ ತಮ್ಮ ಕಾಯಿಲೆಯಾಗಿ ಅದೇ ಆಸ್ಪತ್ರೆ ಸೇರುವ ಹೊತ್ತಿಗೆ ಅವಳೂ ದೊಡ್ಡಕ್ಕನೂ ಮಾತು ಬಿಟ್ಟು ಎರಡು ವರ್ಷ. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂದು ಶುರುವಾದ ಜಗಳ ಎಲ್ಲಿಗೋ ಹೋಗಿ, ದೊಡ್ಡಕ್ಕ ಫೋನ್ ನಂಬರನ್ನೇ ಬದಲಾಯಿಸಿಬಿಟ್ಟಿದ್ದಳು.

"ದೊಡ್ಡಕ್ಕಂಗೆ ನಿನ್ನ ಪುಟದಿಂದ್ಲೇ ಮೇಲ್ ಹಾಕಿದೀನಿ ಕಣೇ," ಅಂದ ತಮ್ಮ, ಏದುಸಿರು ಬಿಡುತ್ತ. "ಕಳಿಸಲಾಗಿದೆ ಅಂತ ಬಂತು. ಅವಳು ಬಂದಾಗ ಮುಖ ಊದಿಸ್ಕೊಂಡು ಕೂತ್ಕೋಬೇಡ, ಅಷ್ಟೇ."

ಎಂಟು ದಿನ ಅವನು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ. ಒಂಬತ್ತನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ.

ಯಾರಿಂದಲೋ ಸುದ್ದಿ ತಿಳಿದು ದೊಡ್ಡಕ್ಕ ಓಡಿಬಂದಳು. "ಈಗ್ಯಾಕೆ ಬಂದೆ?" ಎಂದು ನಡುವಿನವಳು ಎಲ್ಲರೆದುರೇ ಕೂಗಿದಳು. "ಕರೆದಾಗ ಬರೋಕೆ ಕಾಲು ಬರ್ಲಿಲ್ವಾ?"

"ಯಾರೇ ಕರೆದ್ರು ನನ್ನ?" ಎಂದ ದೊಡ್ಡಕ್ಕ ತಮ್ಮನ ಪಾದ ಮುಟ್ಟಿ, ಹಿಂದಿರುಗಿ ನೋಡದೆ ಹೊರಟುಹೋದಳು.

ವಾರದ ಮೇಲೆ ಕೆಲಸಕ್ಕೆ ಮರಳಿದ ನಡುವಿನವಳು, ಅಕ್ಕನ ಸುಳ್ಳು ಹಿಡಿಯಲೆಂದೇ ಮೇಲ್ ಕಳಿಸುವ ಸರ್ವರಿನ ದಾಖಲೆ ತೆರೆದಳು. ಸಂದೇಶಕ್ಕೆ ಜಾಗವೇ ಇಲ್ಲದ ಪುಟದಲ್ಲಿ ತಮ್ಮ, ಹೆಸರು ತುಂಬುವ ಕಡೆಯೇ ಬರೆದಿದ್ದ: ‘ದೊಡ್ಡಕ್ಕ, ಬೇಗ ಬಾ’.

ಆ ಹೆಸರನ್ನು, ಇಡಿಯಾಗಿ ಒಂದೇ ಹೆಸರೆಂದು ಸರ್ವರಿಗೆ ತಿಳಿಸುವ ಉದ್ಧರಣ ಚಿಹ್ನೆಯೊಳಗೆ ಇಡದೆ, ಹಾಗೇ ವಿಳಾಸದ ಮುಂದೆ ಅಂಟಿಸುವಂತೆ ಬರೆದಿದ್ದವಳು ಅವಳೇ. ಅಲ್ಪವಿರಾಮ ಕಂಡ ಸರ್ವರ್, ‘ದೊಡ್ಡಕ್ಕ’ ಒಬ್ಬರು, ‘ಬೇಗ ಬಾ’ ಇನ್ನೊಬ್ಬರು, ಇಬ್ಬರಿಗೆ ಬರೆದ ಪತ್ರವಿದು ಎಂದುಕೊಂಡಿತ್ತು. ಮೊದಲನೆಯವರಿಗೆ ವಿಳಾಸವೇ ಇಲ್ಲವೆಂದು ಇಡೀ ಪತ್ರವನ್ನು ತಳ್ಳಿಹಾಕಿತ್ತು. ಹೋಯಿತೋ ಇಲ್ಲವೋ ನೋಡದೆಯೇ ‘ಕಳಿಸಲಾಗಿದೆ’ ಎನ್ನುವಂತೆ ಮಾಡಿದ್ದವಳೂ ಅವಳೇ.

ಸರಿಪಡಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

ಅಂದೇ ಮಧ್ಯಾಹ್ನ ಎರಡು ಬಸ್ ಹಿಡಿದು ಅಕ್ಕನ ಮನೆಗೆ ಹೋದಳು. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ತಮ್ಮ ಬರೆದ ಮೂರು ಪದಗಳನ್ನು ಕೊನೆಗೆ ಹೇಳಿದಳು.

ದೊಡ್ಡಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಆಯ್ತು, ಮೇಲ್ ಬರ್ಲಿಲ್ಲ," ಅಂದಳು. "ನನ್ನ ಮನೆ ನಿಂಗೆ ಗೊತ್ತಿತ್ತಲ್ಲ. ಎಂಟು ದಿನ ಇತ್ತಲ್ಲೇ."

ಅಕ್ಕ ಒಳಗೂ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ತಂಗಿ ಕೈ ಚಾಚಿದಳು, ಮುಟ್ಟುವ ಧೈರ್ಯವಾಗದೆ ಹಿಂತೆಗೆದುಕೊಂಡಳು.