ಅತ್ತೆಯ ಬೆನ್ನ ಹಿಂದೆ ವಾಚ್ ಔಟ್

ಹೋಟೆಲಿನ ಅಡುಗೆಮನೆಗೆ ಬಂದ ಹೊಸ ಮ್ಯಾನೇಜರು ಮೊದಲ ದಿನವೇ ಆಜ್ಞೆ ಹೊರಡಿಸಿದರು. ಬಿಸಿ ಪಾತ್ರೆ ಹಿಡಿದು ಯಾರ ಬೆನ್ನ ಹಿಂದೆ ಹಾದರೂ ‘ವಾಚ್ ಔಟ್’ ಎಂದು ಕೂಗಬೇಕು. ಕೇಳಿಸಿಕೊಂಡವರು ಇದ್ದಲ್ಲೇ ನಿಲ್ಲಬೇಕು. ಕೇಳಿಸಿಕೊಳ್ಳದವರಿಗೆ ಇಲ್ಲಿ ಕೆಲಸವಿಲ್ಲ.

ವಾರ ಕಳೆಯುವುದರೊಳಗೆ ಆ ಮಾತು ಸಿಕ್ಕಿದ್ದಕ್ಕೆಲ್ಲ ಬಳಕೆಯಾಯಿತು. ಸೂಪಿಗೆ ಉಪ್ಪು ಹೆಚ್ಚಾದರೆ ವಾಚ್ ಔಟ್. ಮ್ಯಾನೇಜರು ಮೆಟ್ಟಿಲಿಳಿದರೆ, ಪಿಸುದನಿಯಲ್ಲಿ, ವಾಚ್ ಔಟ್. ಬ್ರೆಡ್ಡು ಬೇಯಿಸುವವನು ಹೆಂಡತಿಯ ಫೋನು ಬಂದರೂ ಅದನ್ನೇ ಗೊಣಗಿಕೊಂಡು ಎತ್ತುತ್ತಿದ್ದ.

ಪಾತ್ರೆ ತೊಳೆಯುವ ಅತ್ತೆ ಮಾತ್ರ ಯಾವ ಕೂಗಿಗೂ ಸೊಪ್ಪು ಹಾಕಲಿಲ್ಲ. ಅತ್ತೆ ಎಂದು ಎಲ್ಲರೂ ಕರೆಯುತ್ತಿದ್ದರು. ನಿಜವಾದ ಸೊಸೆ ಆಚೆ ಮೂಲೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು.

“ನಿಮ್ಮತ್ತೆ ಕೂಗಿದ್ರೂ ನಿಲ್ಲಲ್ವಲ್ಲಮ್ಮ,” ಎಂದ ಬ್ರೆಡ್ಡಿನವನು.

“ಮನೇಲೂ ಅಷ್ಟೇ. ಟೀ ಆಯ್ತು ಅಂದ್ರೆ ಕೇಳುತ್ತೆ, ಬಟ್ಟೆ ಮಡಚಿ ಅಂದ್ರೆ ಕೇಳಲ್ಲ. ಜಾಣಕಿವುಡು!”

ಆ ಮಧ್ಯಾಹ್ನ ತಟ್ಟೆಗಳ ರಾಶಿಯೊಂದು ಅತ್ತೆಯ ಹಿಂದೆಯೇ ಕುಸಿಯಿತು. ಎಲ್ಲರೂ ಬೆಚ್ಚಿಬಿದ್ದರು. ಅತ್ತೆ ಬಾಣಲೆ ಉಜ್ಜುತ್ತಲೇ ಇದ್ದರು. ಸೊಸೆಯ ಚಾಕು ನಿಂತಿತು. ಟೀ ಆದದ್ದು ಅತ್ತೆಗೆ ತಿಳಿಯುತ್ತಿದ್ದುದು ಮೂಗಿನಿಂದ!

ಸೊಸೆ ತನ್ನ ತರಕಾರಿ ಹಲಗೆಯನ್ನು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕಕ್ಕೆ ತಂದಿಟ್ಟುಕೊಂಡಳು. ಯಾರು ಕೂಗಿದರೂ ಅತ್ತೆಯ ಬೆನ್ನ ಮೇಲೆ ಕೈಯಿಡುವಳು; ಅತ್ತೆ ನಿಲ್ಲುವರು.

“ಏನೇ ಇದು, ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿ ಬರ್ತಿದೆ?”

ಸೊಸೆ ಅತ್ತೆಯ ಎದುರಿಗೆ ಬಂದು, ತುಟಿ ಕಾಣುವಂತೆ ಬಿಡಿಸಿ ಹೇಳಿದಳು: “ಬೆನ್ನಿಗೆ ಸೋಪು ಹತ್ತಿತ್ತು.”

ಅತ್ತೆ ಅವಳನ್ನೇ ನೋಡಿದರು. ಮತ್ತೆ ಕೇಳಲಿಲ್ಲ.

ಒಂದು ದಿನ ಸೊಸೆ ಉಗ್ರಾಣದಿಂದ ಕ್ಯಾರೆಟ್ಟು ತರುತ್ತಿದ್ದಳು. ಮ್ಯಾನೇಜರೇ ಕುದಿನೀರು ಹೊತ್ತು ಅತ್ತೆಯ ಹಿಂದೆ ಬಂದರು, ಸಿಪ್ಪೆ ತುಳಿದು ಜಾರಿದರು, ಬಾಯಿ ಹರಿಯುವಂತೆ ಕಿರುಚಿದರು. ಅತ್ತೆ ಬಾಣಲೆ ಸಮೇತ ಹಿಂದೆ ಸರಿಯುತ್ತಿದ್ದರು. ಸೊಸೆ ಕ್ಯಾರೆಟ್ಟು ಚೆಲ್ಲಿ ಅವರನ್ನು ಎಳೆದುಕೊಂಡಳು. ನೀರು ಮ್ಯಾನೇಜರ ಬೂಟಿನ ಮೇಲೆ ಬಿತ್ತು.

“ಅಷ್ಟು ಜೋರಾಗಿ ಕೂಗಿದೀನಿ. ಕೇಳಿಸ್ಲಿಲ್ವಾ?”

ಅವರ ತುಟಿಯನ್ನೇ ನೋಡುತ್ತಿದ್ದ ಅತ್ತೆ ಕೂಡಲೇ ಹೇಳಿದರು: “ಕೇಳಿಸ್ತಲ್ಲ. ವಾಚ್ ಔಟ್ ಅಂದ್ರಿ.”

ಮ್ಯಾನೇಜರು ಕೂಗಿದ್ದು “ಅಯ್ಯಯ್ಯೋ ಅಮ್ಮಾ” ಎಂದು.

ಸೊಸೆ ಅತ್ತೆಯ ತೋಳು ಬಿಡಲಿಲ್ಲ. ಮ್ಯಾನೇಜರು ಆ ಕೈಯನ್ನೂ ಅತ್ತೆಯ ಮುಖವನ್ನೂ ನೋಡಿದರು. ಅವರಿಗೆ ಅರ್ಥವಾಯಿತು.

“ಹೌದು ಸಾರ್,” ಎಂದ ಬ್ರೆಡ್ಡಿನವನು, “ನಮಗೂ ಹಾಗೇ ಕೇಳಿಸ್ತು.”

ಮ್ಯಾನೇಜರು ಒದ್ದೆ ಬೂಟು ಕಳಚಿದರು.

“ನಾಳೆಯಿಂದ ಬರೀ ಕೂಗಿದ್ರೆ ಸಾಲದು,” ಎಂದರು. “ಬೆನ್ನು ಮುಟ್ಟಿ ಹೇಳ್ಬೇಕು. ಎಲ್ಲರೂ, ಎಲ್ಲರಿಗೂ.”

“ಏನಂತೆ?” ಎಂದರು ಅತ್ತೆ.

ಸೊಸೆ ಎದುರಿಗೆ ಬಂದು ನಿಂತಳು. “ನಾಳೆ ಕೆಲಸಕ್ಕೆ ಬರ್ಬೇಕಂತೆ.”