ಹಸಿರು ಫ್ಯೂಸು

"ಇದನ್ನ ಯಾರು ಹಾಕಿದ್ದು?"

ರಿಪೇರಿ ಅಂಗಡಿಯವನು ಬ್ಯಾಟರಿ ಬೈಕಿನ ಸೀಟು ಎತ್ತಿ, ಮೋಟರಿಗೆ ಕರೆಂಟು ಬಿಡುವ ಕಂಟ್ರೋಲರಿನ ಪಕ್ಕದ ಕೆಂಪು ವೈರನ್ನು ಎರಡು ಬೆರಳಲ್ಲಿ ಹಿಡಿದಿದ್ದ. ಫ್ಯೂಸು ಕೂರುವ ಕಪ್ಪು ಗೂಡು ಒಂದು ಬದಿಗೆ ಕರಗಿ ಮೂತಿ ಸೊಟ್ಟ ಮಾಡಿಕೊಂಡಿತ್ತು. ಅದರೊಳಗಿನ ಕಿತ್ತಳೆ ಬಣ್ಣದ ಫ್ಯೂಸಿಗೆ ಮಾತ್ರ ಏನೂ ಆಗಿರಲಿಲ್ಲ.

"ನನ್ನ ಮೈದುನ," ಎಂದಳು ಅವಳು.

"ಕಾರಿಂದು ಕಿತ್ತು ಹಾಕಿದಾರೆ."

"ವ್ಯಾನಿಂದು."

"ಒಳ್ಳೆ ಉಪಕಾರ ಮಾಡಿದಾರೆ ಬಿಡಿ."

ಅವಳು ನಗಲಿಲ್ಲ. ಗಂಡ ತೀರಿಹೋದ ಮೇಲೆ ನಗುವುದಾಗಲಿ ಅಳುವುದಾಗಲಿ ಬೇರೆ ಯಾರದೋ ಮನೆಯ ಕೆಲಸ ಎನ್ನುವಂತಾಗಿತ್ತು ಅವಳಿಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಮನೆಗೆ ಬಂದು ಮಗಳ ಬಟ್ಟೆ ಮಡಿಸುತ್ತಿದ್ದಳು. ಯಾರು ಏನು ಕೇಳಿದರೂ ಆಯ್ತು. ಅವನ ಅಂಗಿಗಳನ್ನು ಯಾರಿಗಾದರೂ ಕೊಡೋಣವೇ ಎಂದರೆ ಆಯ್ತು. ಅವನ ಬಣ್ಣದ ಡಬ್ಬ, ಬ್ರಷ್ಷು, ಏಣಿಯನ್ನು ಜೊತೆಗೆ ಕೆಲಸ ಮಾಡುತ್ತಿದ್ದ ಪೈಂಟರ್ ಒಯ್ಯಲೇ ಎಂದರೆ ಅದೂ ಆಯ್ತು. ಉಳಿದದ್ದು ಈ ಬೈಕು. ಅದರ ಬ್ರೇಕಿನ ಹಿಡಿಯ ಮೇಲೆ ಒಣಗಿದ ಬಿಳಿ ಬಣ್ಣ ಇನ್ನೂ ಅಂಟಿಕೊಂಡಿತ್ತು.

ನಿನ್ನೆ ಶಾಲೆಯ ದಿಬ್ಬದ ಅರ್ಧದಲ್ಲಿ ಸೀಟಿನಡಿಯಿಂದ ಸುಟ್ಟ ವಾಸನೆ ಬಂದು ಬೈಕು ನಿಂತುಬಿಟ್ಟಿತ್ತು. ಮೈದುನ ವ್ಯಾನು ತಂದು, ಬೈಕನ್ನು ಹೇರಿಕೊಂಡು ಬಂದಿದ್ದ. "ಅತ್ತಿಗೆ, ಇದನ್ನ ಮಾರಿಬಿಡಿ. ಕಡ್ಡಿ ನಮ್ಮನೇಲಿರ್ಲಿ. ಶಾಲೆ ನಮ್ಮ ಬಾಗಿಲಲ್ಲೇ ಇದೆ, ನಮ್ಮ ಹುಡುಗ್ರ ಜೊತೆ ಹೋಗ್ತಾಳೆ. ರಜೆ ದಿನ ನೀವು ಬನ್ನಿ, ನೋಡ್ಕೊಂಡು ಹೋಗಿ," ಎಂದಿದ್ದ. ಕಡ್ಡಿ ಎಂದರೆ ಮಗಳು, ಅಷ್ಟು ಸಣಕಲು. ಮೈದುನ ಕೆಟ್ಟವನಲ್ಲ. ಅವಳು ಅದಕ್ಕೂ ಆಯ್ತು ಎಂದಿದ್ದಳು. ಯಾರೂ ಹೇಳದೆಯೇ ಹುಡುಗಿ ಎದ್ದು ಹೋಗಿ ತನ್ನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬತೊಡಗಿದ್ದಳು. ಆಮೇಲೆ ಬಾಗಿಲ ಸಂದಿಯಿಂದ, "ಬೈಕು ಸರಿ ಹೋದ್ರೆ?" ಎಂದು ಕೇಳಿದ್ದಳು.

"ನೋಡೋಣ."

ನೋಡಲೆಂದೇ ಈಗ ಇಬ್ಬರೂ ಅಂಗಡಿಯಲ್ಲಿ ನಿಂತಿದ್ದರು. ಮಗಳು ಯೂನಿಫಾರ್ಮಿನಲ್ಲಿ, ಬೆನ್ನಿಗೆ ಪಾಠದ ಚೀಲ. ಬಟ್ಟೆಯ ಚೀಲ ಮನೆಯ ಬಾಗಿಲ ಹಿಂದೆ ಇತ್ತು.

"ಗೂಡು ಬದಲಾಯಿಸಿ ಇದನ್ನೇ ಹಾಕ್ಬಿಡಿ," ಎಂದಳು ಅವಳು, ಕಿತ್ತಳೆ ಫ್ಯೂಸನ್ನು ತೋರಿಸಿ.

"ಇದನ್ನೇ ಹಾಕಿದ್ರೆ ಮುಂದಿನ ಸಲ ಕಂಟ್ರೋಲರೇ ಹೋಗುತ್ತೆ. ಆಮೇಲೆ ಗುಜರಿಗೆ." ಅಂಗಡಿಯವನು ಫ್ಯೂಸನ್ನು ಬೆಳಕಿಗೆ ಹಿಡಿದ. "ಎರಡು ನೋಡ್ಬೇಕಮ್ಮ. ಆಂಪಿಯರ್ ಎಷ್ಟು, ವೋಲ್ಟ್ ಎಷ್ಟು. ಇದು ನಲವತ್ತು ಆಂಪಿಯರ್, ಮೂವತ್ತೆರಡು ವೋಲ್ಟು. ನಿಮ್ಮ ಬ್ಯಾಟರಿನೇ ನಲವತ್ತೆಂಟು ವೋಲ್ಟು. ಗಾಡಿ ಜಾಸ್ತಿ ಕರೆಂಟು ಎಳ್ಕೊಂಡಾಗ ಇದು ಮೊದಲು ಕರಗಿ ಕಡಿದು ಹೋಗ್ಬೇಕು. ಹೋಗಲಿಲ್ಲ, ಅದಕ್ಕೇ ಗೂಡು ಬೆಂದಿದೆ. ಮೊದಲು ಯಾವುದಿತ್ತು?"

"ಗೊತ್ತಿಲ್ಲ."

ಅವನು ಬಗ್ಗಿ ಕಂಟ್ರೋಲರಿನ ಮೇಲಿನ ಚೀಟಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ಬಿಸಿಗೆ ಕಂದಿ ಅಕ್ಷರಗಳೆಲ್ಲ ಕಲೆಸಿಹೋಗಿದ್ದವು. "ಅಂದಾಜಲ್ಲಿ ಹಾಕೋಕಾಗಲ್ಲ ಇದನ್ನ. ಹಳೇದು ಎಲ್ಲಿ?"

"ಮೈದುನ ಎಸೆದುಬಿಟ್ಟ."

ಮಗಳು ಚೀಲ ಇಳಿಸಿ ಪೆನ್ಸಿಲ್ ಡಬ್ಬಿ ತೆಗೆದಳು. ರಬ್ಬರು, ಮೊಂಡು ಪೆನ್ಸಿಲ್ಲುಗಳ ನಡುವೆ ಒಂದು ಹಸಿರು ಫ್ಯೂಸು. ಹಸಿರಿನೊಳಗಿನ ಸಣ್ಣ ತಂತಿ ನಡುವೆ ಕಡಿದಿತ್ತು.

"ಎಲ್ಲಿತ್ತೇ ಇದು?"

"ಚಿಕ್ಕಪ್ಪ ಎಸೆದಾಗ ಎತ್ಕೊಂಡೆ. ಅಪ್ಪ ಹಾಕಿದ್ದಲ್ವಾ."

ಅಂಗಡಿಯವನು ಕನ್ನಡಕ ಹಣೆಗೇರಿಸಿ, ಅದನ್ನು ಮೂಗಿನ ತುದಿಗೆ ತಂದು ಓದಿದ. "ಮೂವತ್ತು. ಐವತ್ತೆಂಟು ವೋಲ್ಟಿಗೂ ತಡಿಯುತ್ತೆ. ನೋಡಿ, ಗೊತ್ತಿದ್ದು ಹಾಕಿದಾರೆ. ಆಗಾಗ ಹೋಗ್ತಿತ್ತಾ?"

"ಅವರಿದ್ದಾಗ ಒಂದ್ಸಲಾನೂ ಹೋಗಿಲ್ಲ. ನಾನು ಓಡಿಸೋಕೆ ಶುರು ಮಾಡಿದ ಮೇಲೇನೇ."

"ಅವರು ತೆಳ್ಳಗಿದ್ರೋ?"

"ನನ್ನ ಎರಡರಷ್ಟು ಇದ್ರು."

"ಹಾಗಾದ್ರೆ ನಿಮ್ಮನ್ನ ಎಳಿಯೋಕೆ ಏನಂತೆ ಇದಕ್ಕೆ?" ಅವನು ತಲೆ ಕೆರೆದುಕೊಂಡ. "ದಾರಿ ಅದೇನಾ?"

"ಅದೇ ದಿಬ್ಬ. ಅದೇ ಶಾಲೆ."

"ಅಪ್ಪ ದಿಬ್ಬದಲ್ಲಿ ಓಡಿಸ್ತಿರಲಿಲ್ಲ," ಎಂದಳು ಮಗಳು, ಪೆನ್ಸಿಲ್ ಡಬ್ಬಿ ಮುಚ್ಚುತ್ತ. "ಇಳಿದುಬಿಡ್ತಿದ್ರು. ನಾನೂ ಇಳೀತಿದ್ದೆ. ಹ್ಯಾಂಡಲ್ ಹಿಡ್ಕೊಂಡು, ಎಕ್ಸಲರೇಟರ್ ಸ್ವಲ್ಪವೇ ಸ್ವಲ್ಪ ತಿರುವಿ, ಜೊತೆಗೆ ನಡ್ಕೊಂಡು ಹೋಗ್ತಿದ್ವಿ."

ಅವಳು ಮಗಳ ಕಡೆ ನೋಡಿದಳು. ಪ್ರತಿ ಬೆಳಿಗ್ಗೆ ಅವನು ತಡವಾಗಿ, ಬೆವತು ವಾಪಸು ಬರುತ್ತಿದ್ದ. ದಾರಿಯಲ್ಲಿ ಯಾರ ಜೊತೆಗೋ ಹರಟುತ್ತ ನಿಂತಿರುತ್ತಾನೆ ಎಂದುಕೊಂಡಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳ್ಲಿಲ್ಲ."

ಹೊರಗೆ ಹಾರ್ನು ಕೇಳಿಸಿತು. ಮೈದುನ ವ್ಯಾನಿನಿಂದ ಅರ್ಧ ಇಳಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟೇ ಒಳಗೆ ಇಣುಕಿದ. "ಏನಂತೆ ನಮ್ಮ ರೋಗಿ? ಬದುಕ್ತಾ?"

"ಮೂವತ್ತು ಹಾಕ್ತಿದೀನಿ," ಎಂದ ಅಂಗಡಿಯವನು.

"ಮೂವತ್ತಲ್ಲಿ ಇಬ್ಬರನ್ನ ಕೂರಿಸ್ಕೊಂಡು ದಿಬ್ಬ ಹತ್ತಲ್ಲಪ್ಪ ಅದು. ಐವತ್ತಿದ್ರೆ ಕೊಡು, ರಗಳೆನೇ ಬೇಡ."

"ಜೊತೆಗೆ ಒಂದು ಬೆಂಕಿಪೊಟ್ಣನೂ ಕೊಡ್ಲಾ?"

ಮೈದುನ ದೊಡ್ಡದಾಗಿ ನಕ್ಕ. ಅತ್ತಿಗೆ ನಗದ್ದು ಕಂಡು ಅರ್ಧಕ್ಕೇ ನಿಲ್ಲಿಸಿದ. "ಬಿಡಿ ಅತ್ತಿಗೆ, ಯಾಕೆ ತಲೆನೋವು. ಇವತ್ತು ಸಂಜೆ ಕಡ್ಡೀನ ಶಾಲೆಯಿಂದ ಹಾಗೇ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಚೀಲ ಎಲ್ಲಿದೆ ಹೇಳಿ, ಎತ್ತಾಕ್ಕೊಂಡು ಬರ್ತೀನಿ."

ಮಗಳು ಬೈಕಿನ ಇನ್ನೊಂದು ಪಕ್ಕಕ್ಕೆ ಸರಿದು ನಿಂತಳು. ಅಮ್ಮ ಅಂಗಡಿಯವನ ಪೆಟ್ಟಿಗೆಯಲ್ಲಿದ್ದ ಫ್ಯೂಸುಗಳನ್ನು ನೋಡುತ್ತಿದ್ದಳು. ಹಳದಿ, ಬಿಳಿ, ಹಸಿರು, ಕಿತ್ತಳೆ, ಬೇರೆ ಬೇರೆ ಗೂಡುಗಳಲ್ಲಿ.

"ಹಸಿರೇ ಹಾಕಿ," ಎಂದಳು.

"ಅತ್ತಿಗೆ, ನಾನು ಹೇಳ್ತಿರೋದು..."

"ಇವಳು ನನ್ನ ಜೊತೇಲೇ ಇರ್ತಾಳೆ." ದನಿ ಏರಲಿಲ್ಲ. ಲಾಂಡ್ರಿಯಲ್ಲಿ ಯಾವ ವಾರ್ಡಿಗೆ ಯಾವ ಗಂಟು ಎಂದು ಹೇಳಿದಂತೆ ಹೇಳಿದಳು.

ಮೈದುನ ಅಂಗಡಿಯವನ ಮುಖ ನೋಡಿದ. ಅಂಗಡಿಯವನು ಸ್ಕ್ರೂಡ್ರೈವರಿನ ಮುಖ ನೋಡಿದ.

"ದಿನಾ ದಿಬ್ಬ ನಡೀಬೇಕಾಗುತ್ತೆ. ಬಿಸಿಲಿರ್ಲಿ, ಮಳೆಯಿರ್ಲಿ."

"ಆಯ್ತು," ಎಂದಳು.

ಮೈದುನ ಒಳಗೆ ಬಂದು, ಕಡ್ಡಿಯ ತಲೆಯ ಮೇಲೊಮ್ಮೆ ಕೈಯಾಡಿಸಿ, ವ್ಯಾನು ಹತ್ತಿದ.

ಅಂಗಡಿಯವನು ಬೆಂದ ಗೂಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಹಸಿರು ಫ್ಯೂಸನ್ನು ಒತ್ತಿ ಕೂರಿಸಿದ. ಕೀಲಿ ತಿರುಗಿಸಿದಾಗ ಹ್ಯಾಂಡಲಿನ ನಡುವಿನ ಸಣ್ಣ ದೀಪ ಹತ್ತಿತು. ಹಳೆಯ ಫ್ಯೂಸನ್ನು ಕಸದ ಡಬ್ಬಕ್ಕೆ ಹಾಕಲು ಹೋದವನು, ಹುಡುಗಿ ಕೈ ಚಾಚಿದ್ದು ನೋಡಿ ಅವಳಿಗೇ ಕೊಟ್ಟ.

ಸಮತಟ್ಟಾದ ರಸ್ತೆಯಲ್ಲಿ ಬೈಕು ಸದ್ದಿಲ್ಲದೆ ಓಡಿತು. ಶಾಲೆಯ ಬೆಲ್ಲು ಆಗಲೇ ಆಗಿರಬೇಕು. ಯೂನಿಫಾರ್ಮಿನ ಮಕ್ಕಳು ಒಬ್ಬರೂ ದಾರಿಯಲ್ಲಿರಲಿಲ್ಲ. ದಿಬ್ಬ ಶುರುವಾಗುವಲ್ಲಿ ಅವಳು ಬ್ರೇಕು ಹಿಡಿದಳು.

"ಇಲ್ಲಲ್ಲಮ್ಮ," ಎಂದಳು ಹಿಂದಿನಿಂದ ಮಗಳು. "ಇನ್ನೂ ಸ್ವಲ್ಪ ಮುಂದೆ. ಆ ಲೈಟುಕಂಬದ ಹತ್ರ."

ಕಂಬದ ಹತ್ತಿರ ನಿಲ್ಲಿಸಿ ಇಳಿದಳು. ಕಂಬದ ಮೇಲೆ, ಕೈಗೆ ಎಟಕುವ ಎತ್ತರದಲ್ಲಿ, ಒರೆಸಿದ ಬೆರಳುಗಳ ಬಿಳಿ ಬಣ್ಣದ ಗುರುತಿತ್ತು. ಮಗಳೂ ಇಳಿದಳು. ಬೆನ್ನಿನ ಚೀಲ ತೆಗೆದು, ಅಮ್ಮ ಈಗಷ್ಟೇ ಕೂತಿದ್ದ ಜಾಗದಲ್ಲಿ ಇಟ್ಟು, ಅದರ ಪಟ್ಟಿಯನ್ನು ಸೀಟಿನ ಕೊಕ್ಕೆಗೆ ಸಿಕ್ಕಿಸಿದಳು. ಕೈ ರೂಢಿಯಿಂದ ಆಡಿತು.

"ಈಗ ತಿರುವು. ಸ್ವಲ್ಪ. ಹೂಂ, ಅಷ್ಟೇ."

ಬೈಕು ಅವರಿಬ್ಬರ ನಡುವೆ, ನಡಿಗೆಯ ವೇಗದಲ್ಲಿ, ಚೀಲವೊಂದನ್ನೇ ಕೂರಿಸಿಕೊಂಡು ದಿಬ್ಬ ಹತ್ತತೊಡಗಿತು.