ಹಾಡೋರು ಎಲ್ಲಿ ನಿಂತಿದ್ದಾರೆ

"ಹಾಡೋರು ಎಲ್ಲಿ ನಿಂತಿದ್ದಾರೆ, ಹೇಳಿ ಅಣ್ಣಾ," ಅಂದ ಸ್ಪೀಕರ್ ಅಂಗಡಿಯವನು.

ವ್ಯಾನು ಅಂಗಡಿ ಮುಂದೆ ನಿಂತಿತ್ತು, ಇಂಜಿನ್ ಆಫ್ ಆಗಿತ್ತು, ಆದರೂ ಡ್ರೈವರ್ ಇಳಿಜಾರಿನಲ್ಲಿ ಹಿಡಿದ ಹಾಗೆ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದುಕೊಂಡಿದ್ದ. ಹಾಡೇನೋ ಕೇಳುತ್ತಿತ್ತು. ಒಂದು ಹೆಂಗಸಿನ ದನಿ, ಹಿಂದೆ ಎಂಥದೋ ತಂತಿವಾದ್ಯ. ಆದರೆ ಅವಳು ಎಲ್ಲಿ ನಿಂತಿದ್ದಾಳೆ ಅಂದರೆ ಏನು ಹೇಳುವುದು?

"ಎಲ್ಲಿ ಅಂದ್ರೆ? ಡಬ್ಬದೊಳಗೇ ಇರ್ಬೇಕಲ್ವಾ," ಅಂದ.

ಬಲಗಡೆ ಕಿಟಕಿಯ ಹತ್ತಿರ ನಿಂತಿದ್ದ ಟೀಚರಮ್ಮ ಜೋರಾಗಿ ನಕ್ಕರು. ಅಂಗಡಿಯವನೂ ನಕ್ಕ. ಡ್ರೈವರೂ ನಕ್ಕ. ಅಂಗೈ ಬೆವತು ಸ್ಟೇರಿಂಗ್ ಜಾರುತ್ತಿತ್ತು.

ಅಂಗಡಿಯವನು ಎಡಗಡೆ ಸೀಟಿನ ಮೇಲೆ ಮೊಣಕಾಲೂರಿ, ಬಾಟಲಿ ಮುಚ್ಚಳದಷ್ಟು ಪುಟ್ಟ ಸ್ಪೀಕರೊಂದನ್ನು ಮಕ್ಕಳ ಆಟದ ಕ್ಲೇ ಮೆತ್ತಿ ಗಾಜಿನ ಮೂಲೆಗೆ ಅಂಟಿಸುತ್ತಿದ್ದ. ಟೀಚರಮ್ಮ ಅದನ್ನು ನೋಡಿ, "ಅಯ್ಯೋ, ಇದು ನಮ್ಮ ನರ್ಸರಿ ಸಾಮಾನು," ಅಂತ ಆಗಲೇ ಒಮ್ಮೆ ತಮಾಷೆ ಮಾಡಿಯಾಗಿತ್ತು.

"ಇದೇ ಟ್ವೀಟರ್ ಅಣ್ಣಾ. ದೊಡ್ಡ ಸ್ಪೀಕರ್ ಗುಮ್ ಅನ್ನುತ್ತೆ ಅಷ್ಟೆ, ಅದು ಎಲ್ಲಿದ್ರೂ ಒಂದೇ. ಹಾಡೋರನ್ನ ತಂದು ನಿಲ್ಸೋದು ಈ ಪುಟಾಣಿ. ಬಾಗಿಲಲ್ಲಿಟ್ರೆ ಕಾಲಹತ್ರ ಕೂತು ಹಾಡ್ತಾರೆ. ಮೇಲಿಟ್ರೆ ಎದ್ದು ನಿಲ್ತಾರೆ. ಎರಡೂ ಕಡೇದು ಸರಿಯಾಗಿ ಕೂತ್ರೆ ಗಾಜಿನ ನಡುಮಧ್ಯೆ ಬಂದು ನಿಂತ ಹಾಗೇ ಕೇಳುತ್ತೆ. ಆವಾಗ ಸೌಂಡು ಕಮ್ಮಿ ಇಟ್ರೂ ಸಾಕು, ಮಕ್ಕಳ ಕಿವಿಗೆ ಚುಚ್ಚಲ್ಲ. ಎರಡು ಕಿವಿ ಇದ್ದೋರಿಗೆ ಇದು ಗೊತ್ತಾಗೇ ಆಗುತ್ತೆ."

ಎರಡು ಕಿವಿ ಇದ್ದೋರಿಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡ್ರೈವರನ ಕೈ ತಾನಾಗಿಯೇ ಎಡಗಿವಿಗೆ ಹೋಯಿತು. ಹೋದ ಕೈಯನ್ನು ಸುಮ್ಮನೆ ವಾಪಸ್ಸು ತರುವುದು ಹೇಗೆ ಅಂತ ಅದರಲ್ಲೇ ತಲೆ ಕೆರೆದುಕೊಂಡ.

ಎಡಗಿವಿ ಸತ್ತು ಹತ್ತು ತಿಂಗಳಾಗಿತ್ತು. ಒಂದು ಜ್ವರ ಬಂದು ಹೋದ ಮೇಲೆ ಬೆಳಿಗ್ಗೆ ಏಳುವಾಗ ಕಿವಿಗೆ ಹತ್ತಿ ತುರುಕಿದ ಹಾಗಿತ್ತು. ಇವತ್ತು ಬಿಡುತ್ತೆ, ನಾಳೆ ಬಿಡುತ್ತೆ ಅಂತ ಮೂರು ವಾರ ಕಾದ. ಆಮೇಲೆ ಹೋದಾಗ ಕಿವಿ ಡಾಕ್ಟರು, "ಮೊದಲೇ ಬರೋಕೇನಾಗಿತ್ತು? ನರವೇ ಹೋಗಿದೆ," ಅಂದರು. ಎಡಗಡೆ ನಿಂತು ಅಂದಿದ್ದರಿಂದ ಅದನ್ನೇ ಎರಡು ಸಲ ಹೇಳಬೇಕಾಯಿತು. ವಿಷಯ ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಅವತ್ತೇ ಹಾಸಿಗೆಯ ಬಲಮಗ್ಗುಲಿಗೆ ಬಂದಳು. "ರೀ, ಟೀಚರಮ್ಮನಿಗೆ ಒಂದು ಮಾತು ಹೇಳಿಬಿಡಿ," ಅಂತ ಮೊದಮೊದಲು ಅನ್ನುತ್ತಿದ್ದಳು. "ಹೇಳಿದ್ರೆ ನಾಳೆಯಿಂದ ಯಾರ ಗಾಡಿ ಓಡಿಸಲಿ? ನಂಗೆ ಗೊತ್ತಿರೋದು ಇದೊಂದೇ ಕಣೆ," ಅಂತ ಇವನು ರೇಗಿದ ಮೇಲೆ ಅವಳೂ ಸುಮ್ಮನಾದಳು. ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಕೈಗೆ ಐವತ್ತಮೂರರಲ್ಲಿ ಬೇರೆ ವಿದ್ಯೆ ಕಲಿಸುವವರು ಯಾರು?

ಟೀಚರಮ್ಮನೇ ನಡೆಸುವ ನರ್ಸರಿಯ ವ್ಯಾನು ಅದು. ಹನ್ನೊಂದು ಮಕ್ಕಳು. ಎಲ್ಲರಿಗಿಂತ ಪುಟ್ಟದು ಗುಬ್ಬಿ. ಹಿಂದೆ ಕೂರಿಸಿದರೆ ವಾಂತಿ ಮಾಡಿಕೊಳ್ಳುತ್ತಾಳೆಂದು ಅವಳಿಗೆ ಮುಂದಿನ ಎಡಗಡೆ ಸೀಟು ಕಾಯಂ ಆಗಿತ್ತು. ಹತ್ತಿದಾಗಿನಿಂದ ಇಳಿಯುವತನಕ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಅಷ್ಟೂ ಮಾತು ಇವನ ಸತ್ತ ಕಿವಿಗೆ. ತುಟಿ ಅಲ್ಲಾಡಿದ್ದು ಕಣ್ಣಂಚಿಗೆ ಬಿದ್ದಾಗಲೆಲ್ಲ ಇವನು "ಹ್ಞೂಂ ಪುಟ್ಟಾ, ಹ್ಞೂಂ" ಅನ್ನುತ್ತಿದ್ದ. ಪಾಪ, ಅವಳು ಒಂದು ದಿನವೂ ಮುನಿಸಿಕೊಂಡವಳಲ್ಲ. ದಾರಿಯುದ್ದಕ್ಕೂ ಬಾಗಿಲ ಹಿಡಿಗೆ ಜೋತುಬಿದ್ದುಕೊಂಡು ಕೂರುವುದು ಅವಳ ಅಭ್ಯಾಸ. ಕೆಲವು ಮಕ್ಕಳಿಗೆ ಗೊಂಬೆ ಬೇಕು, ಇವಳಿಗೆ ಬಾಗಿಲು ಬೇಕು ಅಂತ ಡ್ರೈವರ್ ಮನೆಯಲ್ಲಿ ಹೇಳಿ ನಗುತ್ತಿದ್ದ.

ಮಕ್ಕಳ ಹಾಡು ಹಾಕಿದರೆ ಇವನಿಗೆ ಅರ್ಧ ಕೇಳುತ್ತಿತ್ತು, ಅದಕ್ಕೆ ಜೋರು ಮಾಡುತ್ತಿದ್ದ. ಹಳೆಯ ಟ್ವೀಟರು ಬಾಗಿಲಿನಲ್ಲಿ, ಸರಿಯಾಗಿ ಗುಬ್ಬಿಯ ಕಿವಿಯ ಪಕ್ಕದಲ್ಲೇ ಇತ್ತು. ಅವಳ ಅಮ್ಮ ನರ್ಸರಿಗೆ ಬಂದು ದೂರಿದರು, ಮಗು ಕಿವಿನೋವು ಅಂತ ಅಳುತ್ತೆ ಅಂತ. ಟೀಚರಮ್ಮ ಒಂದು ಮಧ್ಯಾಹ್ನ ನೋಡಿದರೆ, ಗುಬ್ಬಿ ಎಡಗೈಯಲ್ಲಿ ಬಾಗಿಲು ಹಿಡಿದುಕೊಂಡು, ಬಲಗೈಯನ್ನು ತಲೆ ಬಳಸಿ ತಂದು ಎಡಗಿವಿ ಮುಚ್ಚಿಕೊಂಡು ಕೂತಿದ್ದಳು. "ಇದೆಂಥ ಸರ್ಕಸ್ಸೇ? ಎರಡೂ ಕೈಲಿ ಎರಡೂ ಕಿವಿ ಮುಚ್ಕೊಳ್ಳೋದಲ್ವಾ?" ಅಂದರೆ, "ಈ ಕೈಗೆ ಕೆಲ್ಸ ಇದೆ ಮಿಸ್," ಅಂದಳಂತೆ. ನರ್ಸರಿಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಮಾರನೇ ದಿನವೇ ಟೀಚರಮ್ಮ, ಬೆಳಗಿನ ಟ್ರಿಪ್ಪು ಮುಗಿದ ಮೇಲೆ, ಇವನನ್ನು ಹೊರಡಿಸಿಕೊಂಡು ಈ ಅಂಗಡಿಗೆ ಬಂದಿದ್ದರು.

"ಈಗ? ಈಗ ಯಾವ ಕಡೆಯಿಂದ ಬರ್ತಿದೆ?" ಅಂಗಡಿಯವನು ಏನನ್ನೋ ಒತ್ತಿ ಕೇಳಿದ.

ಡ್ರೈವರ್ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದರೆ ಆಲೋಚಿಸುತ್ತಿರುವ ಹಾಗೆ ಕಾಣುತ್ತದೆ ಅಂತ. ದನಿ ಇತ್ತು. ಎಲ್ಲೋ ಇತ್ತು. ಅವನಿಗೆ ಹೋದ ವಾರದ ತಿರುವು ನೆನಪಾಯಿತು. ಅವತ್ತೂ ಹೀಗೇ. ಹಾರ್ನ್ ಕೇಳಿತ್ತು, ಚೆನ್ನಾಗಿಯೇ ಕೇಳಿತ್ತು. ಬಲಕ್ಕೆ ನೋಡಿದ. ಯಾರೂ ಇರಲಿಲ್ಲ. ಸರಿ ಅಂತ ಎಡಕ್ಕೆ ತಿರುಗಿಸಿದ. ಸ್ಕೂಟರಿನವನು ಎಡಗಡೆಯ ಕನ್ನಡಿಗೆ ಬಡಿದು ಅದನ್ನು ಮುರಿದು, ಕಾಲೂರಿ, ಹೇಗೋ ಬೀಳದೆ ನಿಂತ. "ಕಿವಿ ಕೇಳಲ್ವೇನಯ್ಯಾ!" ಅಂತ ಬೈದ. ಜನ ಸಿಟ್ಟಿಗೆ ಅನ್ನುವ ಮಾತು ಅದು. ಇವನಿಗೆ ಮಾತ್ರ ಮೈಯೆಲ್ಲ ತಣ್ಣಗಾಗಿತ್ತು. ಹಿಂದೆ ಮಕ್ಕಳು ಖುಷಿಯಿಂದ ಚಪ್ಪಾಳೆ ಹೊಡೆದಿದ್ದರು.

"ಬಲಗಡೆ," ಅಂದ ಡ್ರೈವರ್. ಕಣ್ಣು ಕಟ್ಟಿ ಕಲ್ಲು ಎಸೆದ ಹಾಗೆ.

ಕಣ್ಣು ಬಿಟ್ಟರೆ ಅಂಗಡಿಯವನು ಇವನನ್ನೇ ನೋಡುತ್ತಿದ್ದ. ಅವನ ಕೈ ಎಡಗಡೆಯ ಟ್ವೀಟರಿನ ಮೇಲಿತ್ತು. ಬಲಗಡೆಯದರ ವೈರು ಬಿಚ್ಚಿ ಸೀಟಿನ ಮೇಲೆ ಬಿದ್ದಿತ್ತು.

"ಬಲಗಡೆನಾ?" ಟೀಚರಮ್ಮ ಕಿಟಕಿಯೊಳಕ್ಕೆ ತಲೆ ಹಾಕಿದರು. "ನಂಗೆ ಆ ಕಡೆಯಿಂದ ಕೇಳಿದ ಹಾಗಾಯ್ತಲ್ಲ."

ಮುಗಿಯಿತು, ಅಂದುಕೊಂಡ ಡ್ರೈವರ್. ಈಗ ಟೀಚರಮ್ಮ ಕೇಳುತ್ತಾರೆ, ಇವನು ತೊದಲುತ್ತಾನೆ, ಇಲ್ಲೇ, ಈ ಬೀದಿಯಲ್ಲೇ ಕೀಲಿಕೈ ಕಿತ್ತುಕೊಳ್ಳುತ್ತಾರೆ.

"ಅವರು ಹೇಳಿದ್ದು ಸರಿಯಾಗೇ ಇದೆ ಮೇಡಂ," ಅಂದ ಅಂಗಡಿಯವನು ನಿಧಾನವಾಗಿ. "ಈ ಕಡೇದು ಆ ಗಾಜಿಗೆ ಬಡಿದು ವಾಪಸ್ ಬರ್ತಿದೆ. ಅವರು ಕೂತಿರೋ ಜಾಗಕ್ಕೆ ಹಾಗೇ ಕೇಳೋದು. ತಾಳಿ, ಮೂತಿ ಸ್ವಲ್ಪ ತಿರುಗಿಸ್ತೀನಿ."

ಸುಳ್ಳು. ಡ್ರೈವರನಿಗೂ ಗೊತ್ತಾಯಿತು ಅದು ಸುಳ್ಳು ಅಂತ. ಅಂಗಡಿಯವನು ಬಲಗಡೆಯ ವೈರು ಸಿಕ್ಕಿಸಿ, ಟ್ವೀಟರಿನ ಮೂತಿಯನ್ನು ವ್ಯಾನಿನ ನೆತ್ತಿಯ ದೀಪದ ಕಡೆಗೆ ತಿರುಗಿಸಿ, "ಈಗ?" ಅಂದ. ಅವನ ಹೆಬ್ಬೆರಳು, ಟೀಚರಮ್ಮನಿಗೆ ಕಾಣದ ಹಾಗೆ, ತೊಡೆಯ ಮೇಲಿಂದ ಗಾಜಿನ ನಡುಮಧ್ಯದ ಕಡೆ ತೋರಿಸುತ್ತಿತ್ತು.

"ಮಧ್ಯಕ್ಕೆ ಬಂದ್ರು," ಅಂದ ಡ್ರೈವರ್.

"ಅಬ್ಬಾ, ಡ್ರೈವರಣ್ಣ, ಏನು ಸೂಕ್ಷ್ಮ ನಿಮ್ಮ ಕಿವಿ! ನಂಗಂತೂ ಎಲ್ಲಾ ಒಂದೇ," ಅಂದರು ಟೀಚರಮ್ಮ. ಅಷ್ಟರಲ್ಲಿ ಅವರ ಫೋನು ಬಂತು. ಮಾತಾಡುತ್ತ ಅಂಗಡಿಯ ನೆರಳಿಗೆ ಹೋದರು.

ಅಂಗಡಿಯವನು ಸುತ್ತು ಹಾಕಿ ಬಲಗಡೆಗೆ ಬಂದ. ಬಾಗಿಲು ತೆಗೆದು, ಸ್ಕ್ರೂಡ್ರೈವರ್ ಹಿಡಿದು, ಇವನ ಬಲಗಿವಿಯ ಹತ್ತಿರವೇ ಬಗ್ಗಿ ಟ್ವೀಟರ್ ಕೂರಿಸತೊಡಗಿದ. ಎರಡು ಸ್ಕ್ರೂ ಬಿಗಿದ ಮೇಲೆ ಕೇಳಿದ.

"ಎಷ್ಟು ಮಕ್ಕಳಣ್ಣಾ ಗಾಡೀಲಿ?"

"ಹನ್ನೊಂದು."

ಮೂರನೇ ಸ್ಕ್ರೂ ಕೈಜಾರಿ ಕೆಳಗೆ ಬಿತ್ತು. ಅವನು ಎತ್ತಿಕೊಂಡು ಊದಿದ. "ಹಾರ್ನ್ ಹೊಡೆದ್ರೆ ಯಾವ ಕಡೆಯಿಂದ ಅಂತ ಗೊತ್ತಾಗುತ್ತಾ?"

ಡ್ರೈವರನ ಕಣ್ಣು ಎಡಗಡೆಯ ಕನ್ನಡಿಗೆ ಹೋಯಿತು.

"ನಾನು ಯಾರಿಗೂ ಹೇಳಲ್ಲ. ಹಾಡು ಎಲ್ಲಿಂದ ಬಂದ್ರೂ ಏನೂ ಮುಳುಗಿ ಹೋಗಲ್ಲ, ಅದಕ್ಕೆ ಒಂದು ಸುಳ್ಳು ಹೇಳ್ದೆ. ಹಾರ್ನಿಗೆ ಹೇಳೋಕೆ ನಾನು ಪಕ್ಕದಲ್ಲಿ ಇರಲ್ವಲ್ಲ." ಅಷ್ಟು ಅಂದು ಕೈಯೊರೆಸಿಕೊಂಡು ಒಳಗೆ ಹೋದ.

ಪಾರಾದ ಖುಷಿ ಆಗಬೇಕಿತ್ತು. ಆಗಲಿಲ್ಲ. ಹತ್ತು ತಿಂಗಳು ಸಿಕ್ಕಿಬೀಳುತ್ತೀನಿ ಅಂತ ಹೆದರಿದ್ದ. ಈಗ ಸಿಕ್ಕಿಬೀಳಲಿಲ್ಲ ಅಂತ ಹೆದರಿಕೆ ಶುರುವಾಯಿತು. ಇನ್ನು ಯಾರೂ ಕೇಳುವುದಿಲ್ಲ. ಸೂಕ್ಷ್ಮ ಕಿವಿ ಅಂತ ಟೀಚರಮ್ಮನೇ ಸರ್ಟಿಫಿಕೇಟು ಕೊಟ್ಟಾಯಿತು. ಇನ್ನು ನಾಳೆ, ನಾಡಿದ್ದು, ಪ್ರತಿ ತಿರುವಿನಲ್ಲೂ ಇವನೊಬ್ಬನೇ.

ಟೀಚರಮ್ಮ ಬಂದು ಎಡಗಡೆ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಇವನು ಕೀಲಿಕೈ ಅರ್ಧ ತಿರುಗಿಸಿದ. ಉಳಿದರ್ಧ ತಿರುಗಿಸಲು ಕೈ ಬರಲಿಲ್ಲ.

"ಅಮ್ಮಾ, ನಂಗೆ ಈ ಕಿವಿ ಕೇಳಲ್ಲ," ಅಂದ, ಗಾಜನ್ನೇ ನೋಡುತ್ತ.

ಬೈಯುತ್ತಾರೆ ಅಂತ ಕಾದ. ಕೊನೆಗೆ ಮುಖ ತಿರುಗಿಸಿದರೆ ಟೀಚರಮ್ಮನ ತುಟಿ ಅಲ್ಲಾಡಿ ನಿಂತಿತ್ತು.

"ಏನಂದ್ರಿ?"

ಆ 'ಏನಂದ್ರಿ'ಯಿಂದಲೇ ಅವರಿಗೆ ನಂಬಿಕೆ ಬಂದಿರಬೇಕು. ಮುಖ ಬಿಳಿಚಿಕೊಂಡಿತು. "ಯಾವಾಗಿಂದ, ಅಂತ ಕೇಳ್ದೆ."

"ಹತ್ತು ತಿಂಗಳು."

"ಹತ್ತು ತಿಂಗಳು! ಬಾಯಲ್ಲಿ ಏನಿಟ್ಕೊಂಡಿದ್ರಿ? ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಮಗೆ?" ಅವರ ದನಿ ನಡುಗಿತು. ಅದು ಸಿಟ್ಟೋ ಭಯವೋ ಇವನಿಗೆ ತಿಳಿಯಲಿಲ್ಲ. "ಹೋದ ವಾರ ಕನ್ನಡಿ ಮುರಿದಿದ್ದು ಇದಕ್ಕೇನಾ?"

"ಹೌದಮ್ಮಾ."

ಟೀಚರಮ್ಮ ಕೈ ಚಾಚಿದರು. ಇವನು ಕೀಲಿಕೈ ಕೊಟ್ಟ. ಅಷ್ಟು ಹಗುರವಾದದ್ದು ಕೊಡಲು ಎಷ್ಟು ಹೊತ್ತು ಹಿಡಿಯಿತು! "ನಾನು ಓಡಿಸಿ ಆರು ವರ್ಷ ಆಯ್ತು," ಅಂದರು ಅವರು, ಯಾರಿಗೋ ಅಂದ ಹಾಗೆ. "ನಿಮ್ಮ ವಿಷ್ಯ ನಾಳೆ ನೋಡೋಣ. ಇವತ್ತು ಮೊದ್ಲು ಮಕ್ಕಳನ್ನ ಮನೆ ಮುಟ್ಟಿಸೋಣ."

ಮಧ್ಯಾಹ್ನ ನರ್ಸರಿ ಬಿಟ್ಟಾಗ ಡ್ರೈವರ್ ಮಾಮ ಎಡಗಡೆ ಬಾಗಿಲ ಪಕ್ಕ ಕೂತಿದ್ದನ್ನು ಕಂಡು ಗುಬ್ಬಿ ಕೆಳಗೇ ನಿಂತುಬಿಟ್ಟಳು. ಇವನು ಅವಳನ್ನು ಎತ್ತಿ, ಎರಡು ಸೀಟಿನ ನಡುವಿನ ಪುಟ್ಟ ಜಾಗದಲ್ಲಿ, ತನ್ನ ಬಲಗಡೆಗೆ ಕೂರಿಸಿಕೊಂಡ. ಟೀಚರಮ್ಮ ಬಿಟ್ಟು ಬಿಟ್ಟು ಕ್ಲಚ್ಚು ಒತ್ತುತ್ತ ಹೊರಟರು. ಹಾಡು ಹಾಕಿತ್ತು, ಮೆಲ್ಲಗೆ. ಗುಬ್ಬಿ ಕಿವಿ ಮುಚ್ಚಿಕೊಳ್ಳಲಿಲ್ಲ. ಆದರೆ ಕೊರಳು ಚಾಚಿ ಚಾಚಿ ಬಾಗಿಲನ್ನೇ ನೋಡುತ್ತಿದ್ದಳು.

"ಮಾಮಾ, ಹಿಡ್ಕೋ."

ಇಷ್ಟು ದಿನದಲ್ಲಿ ಅವಳ ದನಿ ಹೀಗೆ ನೇರವಾಗಿ ಕಿವಿಯೊಳಗೆ ಬಿದ್ದದ್ದು ಇದೇ ಮೊದಲು. ತೆಳ್ಳಗಿನ, ಸ್ವಲ್ಪ ಒಡಕು ದನಿ. ಡ್ರೈವರ್ ಅವಳ ಕಡೆ ತಲೆ ಬಗ್ಗಿಸಿದ. "ಏನನ್ನ ಪುಟ್ಟಾ?"

"ಬಾಗಿಲು. ದೊಡ್ಡ ಗುಂಡಿ ಬಂದ್ರೆ ಬಿಟ್ಕೊಳುತ್ತೆ. ದಿನಾ ಹೇಳ್ತೀನಲ್ಲ. ನೀನು ಹ್ಞೂಂ ಪುಟ್ಟಾ ಅಂತೀಯಲ್ಲ."

"ಏನು ಹೇಳ್ತಿದೀಯ ನೀನು?"

"ಹಿಡ್ಕೋ ಮಾಮಾ! ಗುಂಡಿ ಬಂತು!"

ವ್ಯಾನು ಗುಂಡಿಗೆ ಇಳಿದು ಎದ್ದಿತು. ಇವನ ಮೊಣಕೈ ಒರಗಿದ್ದ ಬಾಗಿಲು ಕಟಕ್ಕೆಂದು ಆಚೆ ಸರಿಯಿತು. ನಾಲ್ಕು ಬೆರಳಗಲದ ಸಂದಿನಲ್ಲಿ ಬಿಸಿಲು, ಅದರ ಕೆಳಗೆ ಓಡುವ ರಸ್ತೆ. ಇವನು ಎರಡೂ ಕೈಯಲ್ಲಿ ಹಿಡಿಯನ್ನು ಎಳೆದು ಹಿಡಿದ. ಹಿಡಿ ನುಣ್ಣಗಿತ್ತು. ಕೆಳಗಿನ ಒಂದು ಕಡೆ, ಪುಟ್ಟ ಬೆರಳುಗಳು ಹಿಡಿಯುವಷ್ಟೇ ಜಾಗದಲ್ಲಿ, ಬಣ್ಣ ಪೂರ್ತಿ ಸವೆದು ಹೋಗಿತ್ತು.

"ಅಮ್ಮಾ," ಅಂದ. "ಅಮ್ಮಾ, ನಿಲ್ಸಿ. ನಿಲ್ಸಿ."

ಟೀಚರಮ್ಮ ಗಾಬರಿಯಿಂದ ಬದಿಗೆ ತೆಗೆದುಕೊಂಡರು. ಇಂಜಿನ್ ಆಫ್ ಆಯಿತು. ಹಿಂದೆ ಮಕ್ಕಳು ಏನಾಯ್ತು ಏನಾಯ್ತು ಅಂತ ಕೂಗತೊಡಗಿದರು. ಡ್ರೈವರ್ ಬಾಗಿಲಿಗೆ ಮುಖ ಕೊಟ್ಟು, ಹಿಡಿಯನ್ನು ಎದೆಗೆ ಎಳೆದುಕೊಂಡು ಕೂತಿದ್ದ. ಗುಬ್ಬಿ ಅವನ ಕೈಯನ್ನೇ ನೋಡುತ್ತಿದ್ದಳು, ಸರಿಯಾಗಿ ಹಿಡಿದಿದ್ದಾನೋ ಇಲ್ಲವೋ ಅಂತ. ಸ್ವಲ್ಪ ಹೊತ್ತಾದ ಮೇಲೆ ಅವನ ತೋಳನ್ನು ಮೆಲ್ಲಗೆ ತಟ್ಟಿದಳು.

"ನಿಂತಿದೆ ಮಾಮಾ," ಅಂದಳು. "ನಿಂತ ಮೇಲೆ ಬಿಡಬಹುದು."

ಅವನು ಬಿಡಲಿಲ್ಲ.